ಕರೆಂಟಿಲ್ಲದ ಲೈನು

ನನಗೆ ಸಿಟ್ಟು ಜಾಸ್ತಿ. ಕೊಪ್ಪದ ಲೈನ್‌ಮನ್ ಕ್ವಾರ್ಟರ್ಸಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಆ ವರ್ಷದ ಆಷಾಢದಲ್ಲಿ ಬಂದ ಸಿಟ್ಟಿಗೆ ತಕ್ಕ ಕಾರಣವಿತ್ತು. ನನ್ನ ಒಬ್ಬಳೇ ಮಗಳ ಚೊಚ್ಚಲ ಬಾಣಂತನವನ್ನು ಅರ್ಧಕ್ಕೇ ನಿಲ್ಲಿಸಿ, ಮಗಳನ್ನೂ ಕೂಸನ್ನೂ ಎತ್ತಿಕೊಂಡು ಹೋಗಲು ಬೀಗಿತ್ತಿ ತಯಾರಾಗಿ ನಿಂತಿದ್ದರು. ಯಾಕೆಂದರೆ ನಮ್ಮ ಮನೆಯಲ್ಲಿ ಕೂಸಿನ ಬಟ್ಟೆ ಒಣಗುತ್ತಿರಲಿಲ್ಲ.

ನಗಬೇಡಿ. ಮಳೆಗಾಲದಲ್ಲಿ ಹೆತ್ತ ಮಗಳನ್ನು ಮನೆಯಲ್ಲಿಟ್ಟುಕೊಂಡವರಿಗೆ ಇದು ನಗುವ ವಿಷಯವಲ್ಲ. ಕೂಸು ಹುಟ್ಟಿದ್ದು ಮಳೆ ಹಿಡಿದ ವಾರದಲ್ಲೇ. ಹೆಣ್ಣು ಕೂಸು, ಮೂಗು ನನ್ನದೇ. ನಿದ್ದೆ ಮಾಡುವುದು, ಹಾಲು ಕುಡಿಯುವುದು, ಬಟ್ಟೆ ಒದ್ದೆ ಮಾಡುವುದು, ಇವಿಷ್ಟು ಅದರ ಉದ್ಯೋಗ. ಮೂರನೆಯದರಲ್ಲಿ ಅದಕ್ಕೆ ಭಾರೀ ಹುಮ್ಮಸ್ಸು. ನನ್ನ ಹಳೇ ಹತ್ತಿ ಸೀರೆಗಳನ್ನೆಲ್ಲ ಹರಿದು ಚೌಕ ಮಾಡಿದ್ದೆ. ಬೆಳಿಗ್ಗೆ ಒಗೆದದ್ದು ಸಂಜೆಗೂ ಒದ್ದೆ, ಸಂಜೆ ಒಗೆದದ್ದು ಮರುದಿನಕ್ಕೂ ಒದ್ದೆ. ಒಣಗಿತು ಎಂದು ಮಡಿಚಿಟ್ಟರೆ ಮುಗ್ಗಲು ವಾಸನೆ.

ನನ್ನ ಗಂಡ ನಾಗಪ್ಪ ಲೈನ್‌ಮನ್. ಮಳೆಗಾಲ ಬಂತೆಂದರೆ ಅವರು ನಮ್ಮ ಪಾಲಿಗಿಲ್ಲ. ಎಲ್ಲಿ ಕೊಂಬೆ ಮುರಿಯಿತು, ಎಲ್ಲಿ ಕಂಬ ವಾಲಿತು ಎಂದು ಕೊಡೆಯೂ ಇಲ್ಲದೆ ಓಡಾಟ. ಊರವರಿಗೆಲ್ಲ ಕರೆಂಟು ಕೊಡಿಸುವ ಮನುಷ್ಯನ ಮನೆಯಲ್ಲಿ ನಾವು ಬುಡ್ಡಿ ದೀಪ ಹಚ್ಚಿಕೊಂಡು ಕೂತಿರುತ್ತಿದ್ದೆವು. ಅವರ ಖಾಕಿ ಪ್ಯಾಂಟೂ ಒದ್ದೆ, ಟವೆಲೂ ಒದ್ದೆ.

ಬಾಣಂತಿಗೂ ಕೂಸಿಗೂ ಎರೆಯಲು ಹೊನ್ನಕ್ಕ ಬರುತ್ತಿದ್ದಳು. ಕೈ ಬಹಳ ಚೆಂದ. ಬಾಯಿ ಮಾತ್ರ ನನ್ನದಕ್ಕಿಂತ ಜೋರು. ಅವಳು ಬಂದ ಮೊದಲ ದಿನವೇ ಮನೆಗೆಲ್ಲ ಕಾನೂನು ಹಾಕಿಬಿಟ್ಟಳು.

"ವನಜಕ್ಕ, ಬಾಣಂತಿಗೆ ಗಾಳಿ ಸೋಕ್ಬಾರ್ದು. ಒಂದು ಕಿಟಕಿ ತೆರೆದದ್ದು ಕಂಡ್ರೂ ನಾನು ನಾಳೆಯಿಂದ ಬರದಿಲ್ಲ."

ಸರಿ, ಎಲ್ಲ ಕಿಟಕಿ ಮುಚ್ಚಿದೆವು. ಹಿಂದಿನ ಬಾಗಿಲಿಗೆ ಚಿಲಕ ಹಾಕಿದೆವು. ಬಾಣಂತಿಯ ಕೋಣೆಯಲ್ಲಿ ಅಗ್ಗಿಷ್ಟಿಕೆಗೆ ಕೆಂಡ ತುಂಬಿಟ್ಟೆವು. ಬೆಚ್ಚಗಿರುವುದು ಅದೊಂದೇ ಕೋಣೆಯಾದ್ದರಿಂದ ಅಲ್ಲೇ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ, ಒಂದರ ಮೇಲೊಂದು ಬಟ್ಟೆ ಹೇರಿದೆವು. ಬೆಂಕಿಯಿದೆ, ಬಾಗಿಲು ಹಾಕಿದೆ, ಇನ್ನು ಒಣಗದೆ ಎಲ್ಲಿಗೆ ಹೋದೀತು ಎಂದು ನಮ್ಮ ಲೆಕ್ಕಾಚಾರ. ನಾಲ್ಕು ದಿನಕ್ಕೆ ಗೋಡೆ ಬೆವರತೊಡಗಿತು. ದೇವರ ಫೋಟೋದ ಗಾಜಿನ ಮೇಲೆ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ಕೂಸಿಗೆ ಮೂಗು ಕಟ್ಟಿತು.

ಸರಿಯಾಗಿ ಆ ಹೊತ್ತಿಗೆ ನರಸಿಂಹರಾಜಪುರದಿಂದ ಬೀಗಿತ್ತಿ ಬಂದರು. ಹೆಸರು ಸುಲೋಚನಮ್ಮ. ಅಲ್ಲಿ ಅವರದ್ದು ದೊಡ್ಡ ಮನೆ, ಪೇಟೆಯಲ್ಲಿ ಅಂಗಡಿ. ಅಳಿಯ ಪ್ರದೀಪ ಹೂವಿನಂಥ ಹುಡುಗ, ಅಮ್ಮನೆದುರು ಬಾಯಿ ತೆರೆಯುವುದು ಊಟಕ್ಕೆ ಮಾತ್ರ. ಸುಲೋಚನಮ್ಮ ಕೂಸನ್ನು ಎತ್ತಿಕೊಂಡರು, ಮುದ್ದಾಡಿದರು, ಅದು ಸೀನಿದ್ದನ್ನು ನೋಡಿದರು. ಆಮೇಲೆ ಎದ್ದು ಹೋಗಿ ಹಗ್ಗದ ಮೇಲಿದ್ದ ಬಟ್ಟೆಯೊಂದನ್ನು ಎಳೆದು ಕೆನ್ನೆಗೆ ಒತ್ತಿಕೊಂಡರು. ಬಟ್ಟೆ ಒಣಗಿದೆಯೇ ಎಂದು ನಮ್ಮ ಕಡೆ ಹಾಗೇ ನೋಡುವುದು. ಮಳೆಗಾಲದಲ್ಲಿ ಕೈಗೆ ಎಲ್ಲ ಬಟ್ಟೆಯೂ ತಣ್ಣಗೇ ಇರುತ್ತದೆ, ತಂಪೋ ಒದ್ದೆಯೋ ಎಂಬುದು ಕೆನ್ನೆಗೆ ಮಾತ್ರ ತಿಳಿಯುತ್ತದೆ.

"ಅತ್ತಿಗೆ, ಇದು ಹಸಿ ಇದ್ಯಲ್ಲ! ಇದನ್ನೇ ಕೂಸಿಗೆ ಕಟ್ತೀರಾ?"

ನಾನು ಬಟ್ಟೆಯನ್ನು ಅವರ ಕೈಯಿಂದ ತೆಗೆದು ಮತ್ತೆ ಹಗ್ಗಕ್ಕೆ ಹಾಕಿದೆ.

"ನಿಮ್ಮ ತಪ್ಪು ಅಂತ ನಾನು ಹೇಳಲ್ಲ," ಎಂದರು ಅವರು, ಮಗುವಿಗೆ ಸಮಾಧಾನ ಹೇಳುವ ಧಾಟಿಯಲ್ಲಿ. "ಇಷ್ಟು ಸಣ್ಣ ಕ್ವಾರ್ಟರ್ಸಲ್ಲಿ ನೀವಾದ್ರೂ ಎಲ್ಲಿ ಒಣಗಿಸ್ತೀರಿ ಪಾಪ. ನಮ್ಮನೇಲಿ ಹೊಸ ವಾಶಿಂಗ್ ಮಿಶಿನ್ ತಂದೀವಿ, ಡ್ರೈಯರ್ ಇರೋದು. ಹಾಕಿ ಗುಂಡಿ ತಿರುಗಿಸಿದ್ರೆ ಆಯ್ತು. ಬರೋ ಭಾನುವಾರ ಗಾಡಿ ತಗೊಂಡು ಬತ್ತೀವಿ. ತಾಯಿ, ಕೂಸು ಇಬ್ರನ್ನೂ ಕಳಿಸ್ಕೊಡಿ. ಉಳಿದ ಬಾಣಂತನ ಅಲ್ಲೇ ಆಗ್ಲಿ."

ಆ 'ಪಾಪ' ಎಂಬ ಮಾತು ನನ್ನ ಎದೆಗೆ ಮುಳ್ಳಾಗಿ ನೆಟ್ಟಿತು. ಚೊಚ್ಚಲ ಬಾಣಂತನ ತವರಿನದ್ದು. ಅದು ನನ್ನ ಹಕ್ಕು, ನನ್ನ ಮರ್ಯಾದೆ, ಅದಕ್ಕಿಂತ ಹೆಚ್ಚಾಗಿ ನನ್ನ ಆಸೆ. ಬಾಣಂತನ ನಡೆಸಲಾರದೆ ನಡುವೆ ಕಳಿಸಿದಳು ಎಂದು ನಾಳೆ ಎರಡು ಊರಿನವರು ಆಡಿಕೊಂಡರೆ ಅದನ್ನೂ ಸಹಿಸಿಯೇನು. ಆದರೆ ಮಗಳು ನಿಶ್ಚಿತಾ ಒಂದು ಮಾತೂ ಆಡದೆ ಕೂಸಿನ ಮೂಗು ಒರೆಸುತ್ತಾ ಕೂತಿದ್ದಳು. ಅವಳಿಗೂ ಹೋಗುವ ಮನಸ್ಸಿದೆಯೇನೋ, ನನ್ನ ಕೈಲಾಗದು ಎಂದು ಅವಳೂ ಲೆಕ್ಕ ಹಾಕಿದಳೇನೋ ಎಂದು ನನಗೆ ಅನುಮಾನ ಹತ್ತಿತು. ಕೇಳಲು ಧೈರ್ಯ ಬರಲಿಲ್ಲ.

ಬೀಗರು ಹೊರಟ ಮೇಲೆ ನನ್ನ ಸಿಟ್ಟೆಲ್ಲ ಮನೆಯ ಗಂಡಸಿನ ಮೇಲೆ ತಿರುಗಿತು. ಪಾಪದ ಮನುಷ್ಯ ಎಲ್ಲಿಂದಲೋ ಒಂದು ಹೀಟರ್ ಹೊತ್ತು ತಂದರು. ಹಚ್ಚಿದ ಸ್ವಲ್ಪ ಹೊತ್ತಿಗೇ ಕರೆಂಟು ಹೋಯಿತು. ಬಂದಾಗ ವೋಲ್ಟೇಜು ಎಷ್ಟು ಕಮ್ಮಿಯೆಂದರೆ ಅದರ ಕಂಬಿ ಕೆಂಪಾಗಲು ನಾಚಿಕೊಂಡಿತು. ಒಂದೊಂದೇ ಬಟ್ಟೆಗೆ ಇಸ್ತ್ರಿ ಒತ್ತಿ ಒಣಗಿಸಲು ನಾನು ಕೂತೆ. ಕರೆಂಟಿದ್ದಷ್ಟು ಹೊತ್ತು ಒತ್ತಿದರೂ ಬಟ್ಟೆ ನಾಲ್ಕಾಯಿತು, ಅಷ್ಟರಲ್ಲಿ ಕೂಸು ಅದಕ್ಕಿಂತ ಹೆಚ್ಚು ಒದ್ದೆ ಮಾಡಿ ಮುಗಿಸಿತ್ತು. ಮೀಟರು ಮಾತ್ರ ಗಿರಗಿರ ತಿರುಗುತ್ತಿತ್ತು.

"ಇದು ಆಗೋ ಕೆಲಸ ಅಲ್ಲ ಮಾರಾಯ್ತಿ," ಎಂದರು ನಾಗಪ್ಪ. "ನೀರನ್ನ ಕರೆಂಟಲ್ಲಿ ಸುಡೋದು ಅಂದ್ರೆ ಸಾಮಾನ್ಯನಾ?"

"ಹಾಗಾದ್ರೆ ನೀವೇ ಹೋಗಿ ಬೀಗ್ರ ಮನೆಗೆ ಬಿಟ್ಟು ಬನ್ನಿ! ನಿಮ್ಮ ಒದ್ದೆ ಟವೆಲನ್ನೂ ಜೊತೇಲಿ ತಗೊಂಡು ಹೋಗಿ!"

ಹೀಗೆಂದು ಕೂಗಿ, ಅವರ ಟವೆಲನ್ನು ಕೈಗೆ ಸಿಕ್ಕಂತೆ ಎಸೆದೆ. ಅಡುಗೆಮನೆಗೂ ಬಚ್ಚಲಿಗೂ ನಡುವೆ ನಮ್ಮಲ್ಲೊಂದು ಓಣಿಯಂಥ ಜಾಗವಿದೆ. ಮೇಲೆ ಶೀಟು, ಈ ತುದಿಗೆ ಜಾಲಂಧ್ರದ ಕಿಂಡಿ, ಆ ತುದಿಗೆ ಹಿಂದಿನ ಬಾಗಿಲು. ಸೌದೆ, ಗೋಣಿಚೀಲ ಬಿಟ್ಟರೆ ಮತ್ತೇನೂ ಇಡದ ಜಾಗ. ಟವೆಲು ಅಲ್ಲಿ ಬಚ್ಚಲ ಗೋಡೆಯ ಮೊಳೆಯೊಂದಕ್ಕೆ ಸಿಕ್ಕಿಕೊಂಡಿತು. ನಮ್ಮವರು ಹಿಂದಿನ ಬಾಗಿಲಿನಿಂದ ಮೆಲ್ಲಗೆ ಜಾರುತ್ತಿದ್ದರು. ಇನ್ನೂ ನಾಲ್ಕು ಮಾತು ಬಾಕಿಯಿದ್ದುದರಿಂದ ನಾನು ಬಾಗಿಲನ್ನು ಹಾರುಹೊಡೆದು ಬೆನ್ನಿಗೇ ಅಂದೆ. ಮಳೆಗೆ ಉಬ್ಬಿದ ಬಾಗಿಲು ನೆಲಕ್ಕೆ ಕಚ್ಚಿ ಕೂತಿತು. ಎಷ್ಟು ದಬ್ಬಿದರೂ ಹಾಕಲಾಗಲಿಲ್ಲ. ಸಿಟ್ಟಿನಲ್ಲಿ ಹಾಗೇ ಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಬಂದವರಿಗೆ ಕೈ ಒರೆಸಲು ಟವೆಲು ಬೇಕಾಯಿತು. ಓಣಿಯ ಮೊಳೆಯಿಂದ ತೆಗೆದೆ. ತೆಗೆದವಳು ಅವರಿಗೆ ಕೊಡದೆ ಕೈಯಲ್ಲೇ ಹಿಡಿದು ನಿಂತೆ. ಟವೆಲು ಗರಿಗರಿ ಒಣಗಿತ್ತು.

ಕೆನ್ನೆಗೆ ಒತ್ತಿ ನೋಡಿದೆ. ಅವರ ಕೆನ್ನೆಗೂ ಒತ್ತಿದೆ.

"ಎಂತಾಯ್ತೇ ನಿಂಗೆ?" ಎಂದು ಅವರು ಹೆದರಿದರು.

ನಾನು ಓಣಿಗೆ ಓಡಿದೆ. ಗೋಡೆ ಮುಟ್ಟಿದೆ, ಬೆಚ್ಚಗಿತ್ತು. ಅದರ ಆಚೆ ಬದಿಗೇ ಬಚ್ಚಲ ಒಲೆ. ಬಾಣಂತಿಗೂ ಕೂಸಿಗೂ ಎರೆಯಲು ದಿನಾ ಬೆಳಿಗ್ಗೆ ಸಂಜೆ ಹಂಡೆ ಕಾಯಿಸುತ್ತೇವಲ್ಲ, ಆ ಬಿಸಿಯೆಲ್ಲ ಗೋಡೆಗೆ ಹಿಡಿದು ಸುಮ್ಮನೆ ವ್ಯರ್ಥವಾಗುತ್ತಿತ್ತು. ಹೊಗೆ ಹೊಗೆಗೂಡಿನಲ್ಲಿ ಹೊರಗೆ ಹೋಗುತ್ತದೆ, ಓಣಿಗೆ ಬರುವುದಿಲ್ಲ. ಬಾಗಿಲು ತೆರೆದಿದ್ದರಿಂದ ಜಾಲಂಧ್ರದಲ್ಲಿ ನುಗ್ಗಿದ ಗಾಳಿ ಸೀದಾ ಆಚೆ ಹೊರಬೀಳುತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಗೋಡೆ ಅಡ್ಡವಿರುವುದರಿಂದ ಎರಚಲು ಮಾತ್ರ ಒಳಗೆ ಬರುವುದಿಲ್ಲ.

ಆದರೂ ನನಗೆ ನಂಬಿಕೆ ಸಾಲದು. ಕೂಸಿನ ಬಟ್ಟೆಯೊಂದನ್ನು ಅದೇ ಮೊಳೆಗೆ ಹಾಕಿ, ನಮ್ಮವರಿಂದ ಬಾಗಿಲು ಎತ್ತಿ ಮುಚ್ಚಿಸಿದೆ. ಗೋಡೆ ಬೆಚ್ಚಗಿದ್ದರೂ ಸಂಜೆಗೆ ಬಟ್ಟೆ ಹಸಿ. ಮರುದಿನ ಬಾಗಿಲು ತೆರೆದು ಹಾಕಿದೆ. ಅನ್ನ ಬಸಿದು ಸಾರು ಕುದಿಸಿ ಬರುವಷ್ಟರಲ್ಲಿ ಒಣಗಿತ್ತು! ಆಗ ನನ್ನ ತಲೆಯೊಳಗೆ ದೀಪ ಹತ್ತಿತು. ಬಟ್ಟೆಯಿಂದ ಎದ್ದ ನೀರಿಗೆ ಹೊರಗೆ ಹೋಗಲು ದಾರಿ ಬೇಡವೇ? ನಾವು ಬಾಗಿಲು ಕಿಟಕಿ ಎಲ್ಲ ಜಡಿದು ಕೂತರೆ ಅದು ಗೋಡೆಯ ಮೇಲೆ, ದೇವರ ಮೇಲೆ, ಕೊನೆಗೆ ತಿರುಗಿ ಬಟ್ಟೆಯ ಮೇಲೇ ಕೂರುತ್ತಿತ್ತು. ಬಾಣಂತಿಗೆ ಗಾಳಿ ಆಗದು ನಿಜ. ಬಟ್ಟೆಯೇನು ಬಾಣಂತಿಯೇ?

ಹೊನ್ನಕ್ಕ ಇದನ್ನು ಕೇಳಿ ಕೆರಳಿದಳು.

"ಕೂಸಿನ ಬಟ್ಟೆ ಹೊತ್ತು ಮುಳುಗಿದ ಮೇಲೆ ಹೊರಗಿರ್ಬಾರ್ದು, ಗೊತ್ತಿಲ್ದಾ ನಿಂಗೆ?"

"ಹೊರಗೆಲ್ಲಿ ಮಾರಾಯ್ತಿ? ಓಣಿ ನಮ್ಮ ಸೂರಿನ ಕೆಳಗೇ ಇದೆ."

"ಗಾಳಿ?"

"ಬಾಣಂತಿ ಕೋಣೆ ಬಾಗಿಲಿಗೆ ನೀನೇ ಚಿಲಕ ಹಾಕು. ಬೇಕಾದ್ರೆ ಬೀಗ ಜಡಿ. ಓಣಿ ನನ್ನದು, ಅಲ್ಲಿ ಗಾಳಿ ಆಡತ್ತೆ."

ಅವಳು ಮೂತಿ ಉಬ್ಬಿಸಿಕೊಂಡಳು. ಆದರೆ ಮಾರನೇ ದಿನವೂ ಬಂದಳು.

ಇನ್ನು ಹಗ್ಗ ಕಟ್ಟುವುದು. ನಾನು ಹಳೇ ಚಾಳಿಯಂತೆ ಅಡ್ಡಾದಿಡ್ಡಿ ಕಟ್ಟಿ ಬಟ್ಟೆ ಹೇರಿದ್ದನ್ನು ನೋಡಿ ನಾಗಪ್ಪನವರಿಗೆ ನಗು ತಡೆಯಲಿಲ್ಲ. ಮದುವೆಯಾದಾಗಿನಿಂದ ನನ್ನ ಕೆಲಸಕ್ಕೆ ನಗುವ ಧೈರ್ಯ ಅವರು ಮಾಡಿದ್ದು ಕಡಿಮೆ.

"ಹೀಗೆ ಲೈನ್ ಎಳೆದ್ರೆ ನನ್ನ ಕೆಲಸದಿಂದ ತೆಗೆದು ಹಾಕ್ತಿದ್ರು," ಎಂದರು. "ಲೈನಿಗೆ ಲೈನ್ ತಾಗ್ಬಾರ್ದು. ಜೋಲು ಬೀಳ್ಬಾರ್ದು. ಮಧ್ಯ ಗಾಳಿ ಆಡ್ಬೇಕು. ಸರಿ ಆಚೆ."

ನಮ್ಮ ಮನೆಯದೇ ಹಳೇ ವೈರಿನ ಸುರುಳಿ ಅಟ್ಟದ ಮೇಲಿತ್ತು, ಮೇಲೆ ಪ್ಲಾಸ್ಟಿಕ್ ಇರುವಂಥದ್ದು, ಬಟ್ಟೆಗೆ ತುಕ್ಕು ಹಿಡಿಯುವ ಭಯವಿಲ್ಲ. ಅದನ್ನು ಒರೆಸಿ, ಓಣಿಯ ಉದ್ದಕ್ಕೆ ಎಳೆದು, ತಂತಿವಾದ್ಯದಷ್ಟು ಬಿಗಿ ಮಾಡಿದರು. ಒಂದು ಮೇಲೆ, ಒಂದು ಕೆಳಗೆ, ಒಂದು ಗೋಡೆ ಬದಿಗೆ, ಒಂದು ಅದರಿಂದ ಆಚೆಗೆ. ಊರು ತುಂಬ ಲೈನು ಎಳೆದ ಮನುಷ್ಯ ನನಗಾಗಿ ಎಳೆದ ಮೊದಲನೇ ಲೈನು ಅದು. ಅವರು ಇಕ್ಕುಳ ಹಿಡಿದು ಸ್ಟೂಲಿನ ಮೇಲೆ ನಿಂತದ್ದನ್ನು ನೋಡುವಾಗ ನನಗೆ ಪ್ರೀತಿ ಉಕ್ಕಿ ಬಂತು. ಹೇಳಲಿಲ್ಲ. ಕಾಫಿಗೆ ಒಂದು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

ಹೊನ್ನಕ್ಕ ಮಾತ್ರ ಆ ವೈರು ಮುಟ್ಟಲು ಒಪ್ಪಲಿಲ್ಲ.

"ಶಾಕ್ ಹೊಡೀತದೆ!"

"ಊರಿನ ಲೈನಲ್ಲೇ ಕರೆಂಟಿಲ್ಲ ಹೊನ್ನಕ್ಕ, ಇದ್ರಲ್ಲಿ ಎಲ್ಲಿಂದ ಬತ್ತದೆ?" ಎಂದು ನಿಶ್ಚಿತಾ ಕೋಣೆಯೊಳಗಿನಿಂದ ಕೂಗಿದಳು. ಎಷ್ಟೋ ದಿನದ ಮೇಲೆ ಮಗಳ ನಗು ಕೇಳಿತು.

ಅಲ್ಲಿಂದ ನಾನು ಹಿಂದೆ ನೋಡಲಿಲ್ಲ. ಒಗೆದು ಹಿಂಡಿದ ಬಟ್ಟೆಯನ್ನು ಒಣ ಟವೆಲಿನೊಳಗೆ ಸುರುಳಿ ಸುತ್ತಿ ಇನ್ನೊಮ್ಮೆ ತಿರುಚುವುದು. ಆಗಲೇ ಅರ್ಧ ನೀರು ಟವೆಲಿಗೆ ಹೋಗುತ್ತದೆ. ಆಮೇಲೆ ಜೋರಾಗಿ ಒದರಿ, ಮಡಿಕೆ ಬಿಡಿಸಿ, ಒಂದೇ ಪದರವಾಗಿ ಹಾಕುವುದು. ದಪ್ಪನೆಯ ದುಪ್ಪಟಿ, ಖಾಕಿ ಪ್ಯಾಂಟು ಗೋಡೆಯ ಬದಿಗೆ, ತೆಳುವಾದ ಚೌಕಗಳು ಗಾಳಿಯ ಬದಿಗೆ. ಎರಡು ಬಟ್ಟೆಯ ನಡುವೆ ನನ್ನ ಅಂಗೈ ತೂರಬೇಕು. ತೂರದಿದ್ದರೆ ಜಾಗ ಸಾಲದೆಂದು ಅರ್ಥ, ಉಳಿದದ್ದು ಸರದಿಗೆ ಕಾಯಲಿ. ಅಗ್ಗಿಷ್ಟಿಕೆಯ ಕೆಂಡ ಇನ್ನು ಬಾಣಂತಿಗೆ ಮಾತ್ರ. ಬಟ್ಟೆಗೆಂದು ಒಂದು ತುಂಡು ಸೌದೆಯನ್ನೂ ಹೆಚ್ಚಿಗೆ ಉರಿಸಲಿಲ್ಲ. ಮೀಟರು ತಣ್ಣಗೆ ಕೂತಿತು. ಕೋಣೆಯ ಗೋಡೆ ಒಣಗಿತು, ದೇವರ ಮುಖ ಕಾಣಿಸಿತು, ಕೂಸಿನ ಮೂಗು ಬಿಟ್ಟುಕೊಂಡಿತು. ಅದು ಬೆಚ್ಚನೆಯ ಬಟ್ಟೆಯಲ್ಲಿ ಮುಷ್ಟಿ ಕಟ್ಟಿಕೊಂಡು ಮಲಗಿದ್ದನ್ನು ನೋಡಿದರೆ ನನಗೆ ಕುಣಿಯಬೇಕೆನಿಸುತ್ತಿತ್ತು.

ಆದರೆ ಭಾನುವಾರ ಇನ್ನೂ ಬಾಕಿಯಿತ್ತು. ನಿಶ್ಚಿತಾಳ ಮನಸ್ಸಿನಲ್ಲಿ ಏನಿದೆಯೆಂದು ನನಗಿನ್ನೂ ತಿಳಿದಿರಲಿಲ್ಲ. ಸುಲೋಚನಮ್ಮ ಅವತ್ತೇ ತುಂಬಿಸಿಟ್ಟ ಅವಳ ಬ್ಯಾಗು ಮಂಚದ ಪಕ್ಕ ಸಿದ್ಧವಾಗಿತ್ತು. ಅದನ್ನು ದಾಟಿಯೇ ನಾನು ಓಡಾಡಬೇಕಿತ್ತು.

ಭಾನುವಾರ ಬೀಗರು ಬಂದದ್ದು ನಡೆದುಕೊಂಡು. ಊರಿನ ಹೊರಗೆ ದಾರಿಗೆ ಮರ ಬಿದ್ದು, ಗಾಡಿಯನ್ನು ಆ ಬದಿಯಲ್ಲೇ ಬಿಟ್ಟಿದ್ದರು. ಅಲ್ಲೇ ಹರಿದ ತಂತಿ ಸರಿಮಾಡುತ್ತಿದ್ದ ನಾಗಪ್ಪನವರು ಇವರನ್ನು ಕೊಂಬೆಗಳ ನಡುವೆ ದಾಟಿಸಿ ಕಳಿಸಿದ್ದರು. ಸುಲೋಚನಮ್ಮನ ರೇಷ್ಮೆ ಬಾರ್ಡರಿನ ಸೀರೆ ಮೈಗಂಟಿಕೊಂಡಿತ್ತು, ಹಲ್ಲು ಕಟಕಟ ಅನ್ನುತ್ತಿತ್ತು. ನನಗೆ ಕನಿಕರವೇ ಆಯಿತು. ಓಣಿಗೆ ಹೋಗಿ ನನ್ನ ಹತ್ತಿ ಸೀರೆಯೊಂದನ್ನು ಲೈನಿನಿಂದ ಎಳೆದು ತಂದುಕೊಟ್ಟೆ.

ಅವರು ಉಟ್ಟುಕೊಂಡು ಹೊರಬಂದು ಸೆರಗನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ಆಮೇಲೆ ತಾವು ತಂದ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿ, ಅಚ್ಚುಕಟ್ಟಾಗಿ ಮಡಿಚಿದ ಕೂಸಿನ ಬಟ್ಟೆಗಳನ್ನು ಹೊರತೆಗೆದರು.

"ತಗೋ ನಿಶ್ಚಿತಾ, ಹೊರಡೋ ಮುಂಚೆ ಕೂಸಿಗೆ ಇದನ್ನ ಸುತ್ತು. ನಿನ್ನೆ ನಾನೇ ಕೈಯಾರೆ ಡ್ರೈಯರಲ್ಲಿ ಒಣಗಿಸಿ ಮಡಿಚಿದ್ದು."

ನನ್ನ ಮೂಗಿಗೆ ಆಗಲೇ ಆ ವಾಸನೆ ತಾಗಿತ್ತು. ಆದರೆ ಬಾಣಂತನ ಕೈಬಿಡುವ ಹೊತ್ತಿನಲ್ಲಿ ಜಗಳ ಬೇಡವೆಂದು ತುಟಿ ಕಚ್ಚಿಕೊಂಡೆ. ನಿಶ್ಚಿತಾ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು.

"ಅತ್ತೆ, ಇದು ಒದ್ದೆ ಇದೆ."

"ಚೀಲಕ್ಕೆ ಮಳೆ ನೀರು ಹೋಗಿರ್ಬೇಕು."

"ಗಂಟು ಬಿಗಿಯಾಗೇ ಇತ್ತಲ್ಲ ಅತ್ತೆ. ವಾಸನೆ ಬೇರೆ ಬತ್ತಿದೆ."

ಸುಲೋಚನಮ್ಮ ಬಟ್ಟೆ ಕಸಿದು ಮೂಸಿದರು. ಮುಖ ಸಣ್ಣದಾಯಿತು. ಆಗ ಊಟಕ್ಕೆ ಮಾತ್ರ ಬಾಯಿ ತೆರೆಯುವ ಅಳಿಯ, ಊಟವಿಲ್ಲದೆಯೇ ಬಾಯಿ ತೆರೆದ.

"ಅಮ್ಮ, ಅದು ನೀರು ಹಿಂಡತ್ತೆ ಅಷ್ಟೆ. ಒಣಗಿಸಲ್ಲ."

"ಎಂತ? ಡ್ರೈಯರ್ ಅಂತಲ್ವಾ ಅದ್ರ ಹೆಸ್ರು?"

"ಹೆಸ್ರು ಹಾಗೆ. ಅಂಗಡಿಯವ ಡ್ರೈಯರ್ ಅಂದ, ನಾವೂ ಡ್ರೈಯರ್ ಅಂದ್ವಿ. ತೆಗೆದ ಮೇಲೆ ಕೆಲಸದವ್ರು ದಿನಾ ಮಹಡಿ ಮೇಲೆ ಹರವ್ತಿದ್ರಲ್ಲ."

"ಅದು ಸುಮ್ನೆ ಗಾಳಿಗೆ ಹಾಕ್ತಾರೆ ಅಂದ್ಕೊಂಡಿದ್ದೆ ಕಣೋ! ನನಗೆ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳಿದ್ರೆ ತಾನೇ?"

ನಗು ನನ್ನ ಗಂಟಲಿನವರೆಗೆ ಬಂದು ನಿಂತಿತು. ನುಂಗಿಕೊಂಡೆ, ಕಷ್ಟಪಟ್ಟು. ಸುಲೋಚನಮ್ಮನ ಕೈಯಿಂದ ಆ ಬಟ್ಟೆಗಳನ್ನು ತೆಗೆದುಕೊಂಡು, "ಬನ್ನಿ ಅತ್ತಿಗೆ, ನಮ್ಮನೆ ಡ್ರೈಯರ್ ತೋರಿಸ್ತೀನಿ," ಎಂದು ಓಣಿಗೆ ಕರೆದುಕೊಂಡು ಹೋದೆ.

ಒಂದೊಂದಾಗಿ ಬಿಡಿಸಿ, ನೀರಿನಲ್ಲಿ ಜಾಲಾಡಿ, ಟವೆಲಿನಲ್ಲಿ ತಿರುಚಿ ಹಾಕಿದೆ. ಬೀಗಿತ್ತಿ ಗೋಡೆ ಮುಟ್ಟಿದರು, ಬಾಗಿಲು ನೋಡಿದರು, ವೈರು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಇದಕ್ಕೆ ಕರೆಂಟು?"

"ಇಲ್ಲ."

"ಬೆಂಕಿ?"

"ಅದು ಬಾಣಂತಿ ಸ್ನಾನಕ್ಕೆ ಹೇಗೂ ಉರಿಯತ್ತೆ."

ನಾವು ಕಡುಬು ತಿಂದು, ಕೈತೊಳೆದು, ಎಲೆಯಡಿಕೆ ಹಾಕಿಕೊಳ್ಳುವ ಹೊತ್ತಿಗೆ ಬಟ್ಟೆ ಒಣಗಿತ್ತು. ತಂದುಕೊಟ್ಟೆ. ಸುಲೋಚನಮ್ಮ ಒಂದು ಕೆನ್ನೆಗೆ ಒತ್ತಿ ನೋಡಿದರು, ಇನ್ನೊಂದು ಕೆನ್ನೆಗೂ ಒತ್ತಿದರು. ಆಮೇಲೆ ತಾವೇ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸುತ್ತಿದರು. ಅದು ಆಕಳಿಸಿತು.

"ಗಾಡಿ ಆ ಬದಿ ಕಾಯ್ತಿದೆ," ಎಂದ ಪ್ರದೀಪ ಮೆಲ್ಲಗೆ.

ನಾನು ನಿಶ್ಚಿತಾಳ ಮುಖ ನೋಡಿದೆ. ಬಟ್ಟೆ ಒಣಗಿದ್ದು ಸರಿ, ಮಗಳ ಮನಸ್ಸು?

ನಿಶ್ಚಿತಾ ಮಂಚದಿಂದ ಕಾಲು ಕೆಳಗಿಳಿಸಿ, ಪಕ್ಕದಲ್ಲಿದ್ದ ಬ್ಯಾಗನ್ನು ಪಾದದಿಂದ ಮಂಚದ ಅಡಿಗೆ ತಳ್ಳಿದಳು.

"ಅತ್ತೆ, ಬೇಜಾರು ಮಾಡ್ಕೊಬೇಡಿ. ಅವತ್ತು ಕೂಸಿಗೆ ಮೂಗು ಕಟ್ಟಿತ್ತು, ಹೆದರಿಕೆಗೆ ನನಗೆ ಮಾತು ಬರ್ಲಿಲ್ಲ. ನನಗೆ ಹೋಗೋ ಮನಸ್ಸು ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ಬಾಣಂತನ ಪೂರ್ತಿ ಅಮ್ಮನ ಕೈಲೇ ಆಗ್ಲಿ. ಮುಗಿದ ಮೇಲೆ ನಾನೇ ಬತ್ತೀನಿ."

ಸುಲೋಚನಮ್ಮ ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು. ಒಳ್ಳೆಯ ಹೆಂಗಸು ಅವರು, ಸೋತದ್ದನ್ನು ಒಪ್ಪಿಕೊಳ್ಳಲು ಗತ್ತು ಅಡ್ಡ ಬರಲಿಲ್ಲ.

"ಆಯ್ತು ಬಿಡು. ನನ್ನ ಮೊಮ್ಮಗಳು ಬೆಚ್ಚಗಿದ್ರೆ ಸಾಕು. ಅತ್ತಿಗೆ, ನೀವೇ ಮುಗಿಸಿ ಕಳಿಸಿ. ಅಣ್ಣಂಗೆ ಬಿಡುವಾದಾಗ ನಮ್ಮನೇಗೂ ಒಂದು ಲೈನ್ ಎಳೆದುಕೊಡೋಕೆ ಹೇಳಿ."

ನಾನು ಅಡುಗೆಮನೆಗೆ ಓಡಿದೆ. ಅಲ್ಲಿ ನಿಂತು ನಕ್ಕೆ, ಅತ್ತುಬಿಟ್ಟೆ, ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಗೆದ್ದಿದ್ದೆ. ಮಗಳು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಸಂಜೆಯ ನೀರು ಕಾಯಿಸಲು ಆಗಷ್ಟೇ ಬಂದ ಹೊನ್ನಕ್ಕ ಬಚ್ಚಲ ಬಾಗಿಲಲ್ಲಿ ನಿಂತು, "ಎಂತ ವನಜಕ್ಕ, ಬಾಣಂತಿ ಹೊರಡ್ತಾಳಂತಾ? ಹಂಡೆಗೆ ನೀರು ತುಂಬದು ಬೇಡ್ವಾ?" ಎಂದು ಕೇಳಿದಳು.

"ತುಂಬು ಮಾರಾಯ್ತಿ, ಅಂಚಿನವರೆಗೂ ತುಂಬು!" ಎಂದು ಕ್ವಾರ್ಟರ್ಸಿನ ಕೊನೆಯ ಮನೆಗೂ ಕೇಳುವ ಹಾಗೆ ಕೂಗಿ ಹೇಳಿದೆ. "ನನ್ನ ಮಗಳು ಎಲ್ಲಿಗೂ ಹೋಗಲ್ಲ!"